ಒಂದು ಮೊಳ ದಾರ

ಓದುವ ಹಿರಿಯರಿಗೂ ಮಕ್ಕಳಿಗೂ ನಮಸ್ಕಾರ. ನಾನು ನಾಲ್ಕನೆಯ ತರಗತಿಯವರೆಗೆ ಮಾತ್ರ ಶಾಲೆಗೆ ಹೋದವಳು. ಅಂಗಡಿಯ ಚೀಟಿಯನ್ನೂ ತವರಿಗೆ ಒಂದೆರಡು ಕಾಗದಗಳನ್ನೂ ಬಿಟ್ಟರೆ ಇದುವರೆಗೆ ಏನನ್ನೂ ಬರೆದವಳಲ್ಲ. ನನ್ನ ಅಕ್ಷರ ದುಂಡಗಿಲ್ಲ, ನನ್ನ ಬಳಿ ಇರುವ ಮಾತುಗಳೂ ಕಡಿಮೆ. ಆದರೂ ಮನೆಮನೆಯಲ್ಲಿ ದೊಡ್ಡವರು, ಚಿಕ್ಕವರು ಎಲ್ಲರೂ ಪರದೆಯ ಮುಂದೆ ಕುಳಿತು ಕಣ್ಣುಜ್ಜಿಕೊಳ್ಳುವುದನ್ನು ನೋಡಿ ಸುಮ್ಮನಿರಲಾಗಲಿಲ್ಲ. ಆದ್ದರಿಂದ ಈ ಕಥೆಯನ್ನು ಬರೆಯುವ ಧೈರ್ಯ ಮಾಡಿದ್ದೇನೆ.

ಧಾರವಾಡದ ಕಡೆಯ ಒಂದು ಊರಿನಲ್ಲಿ ಬಾಳವ್ವ ಎಂಬ ಮುದುಕಿ ಇದ್ದಳು. ಅವಳು ಕಸೂತಿಯ ಗುರು. ಕಸೂತಿಯೆಂದರೆ ಬಟ್ಟೆಯ ಎಳೆಗಳನ್ನು ಎಣಿಸುತ್ತಾ ಸೂಜಿಯಿಂದ ಚಿತ್ರ ತೆಗೆಯುವ ವಿದ್ಯೆ. ಅದಕ್ಕೆ ಬಟ್ಟೆಯ ಮೇಲೆ ಗೆರೆ ಬರೆದುಕೊಳ್ಳುವಂತಿಲ್ಲ. ದಾರಕ್ಕೆ ಗಂಟು ಹಾಕುವಂತಿಲ್ಲ. ಮುಂದೆ ಹೋದ ಸೂಜಿಯು ಬಿಟ್ಟ ಜಾಗಗಳನ್ನು ತುಂಬಿಕೊಳ್ಳುತ್ತಾ ಹೊರಟಲ್ಲಿಗೇ ಮರಳಿ ಬರಬೇಕು. ಒಂದು ಎಳೆಯ ಲೆಕ್ಕ ತಪ್ಪಿದರೂ ಸೂಜಿಗೆ ಮರಳುವ ದಾರಿ ಸಿಗುವುದಿಲ್ಲ. ಅದರಲ್ಲಿಯೂ ಚಂದ್ರಕಾಳಿಯೆಂಬ ಅಚ್ಚ ಕಪ್ಪು ಸೀರೆಯ ಮೇಲೆ ಎಳೆ ಎಣಿಸುವುದು ಕಣ್ಣಿಗೆ ಬಹಳ ಕಷ್ಟದ ಕೆಲಸ.

ಬಾಳವ್ವನಿಗೆ ಎಪ್ಪತ್ತಾರು ವರ್ಷ. ಅವಳು ಕನ್ನಡಕ ಏರಿಸಿಕೊಂಡು ತನ್ನ ಸೂಜಿಗೆ ತಾನೇ ದಾರ ಪೋಣಿಸಿಕೊಳ್ಳುತ್ತಿದ್ದಳು. ಅವಳ ಮನೆಯ ಕಟ್ಟೆಯ ಮೇಲೆ ಕಲಿಯಲು ಕುಳಿತವರಿಗೆಲ್ಲ ಒಂದು ಕಟ್ಟಳೆ ಇತ್ತು. ದಾರವನ್ನು ಒಂದು ಮೊಳಕ್ಕಿಂತ ಉದ್ದ ಕತ್ತರಿಸಬಾರದು. ಆ ದಾರ ಮುಗಿದ ಕೂಡಲೇ ಇನ್ನೊಂದನ್ನು ಪೋಣಿಸಬಾರದು. ತಲೆಯೆತ್ತಿ ಊರಾಚೆಯ ಗುಡ್ಡವನ್ನು ನೋಡಬೇಕು. ಗುಡ್ಡದ ಮೇಲೆ ಕರಿಯಪ್ಪನೆಂಬವನ ಆಡುಗಳು ಮೇಯುತ್ತಿದ್ದವು. ಅವುಗಳನ್ನು ಎಣಿಸಬೇಕು. ಎಣಿಸಿದ ಮೇಲೆಯೇ ಮುಂದಿನ ದಾರ.

ಹೀಗಾಗಿ ಕರಿಯಪ್ಪನ ಆಡುಗಳ ಲೆಕ್ಕ ಕರಿಯಪ್ಪನಿಗಿಂತ ಬಾಳವ್ವನಿಗೇ ಚೆನ್ನಾಗಿ ಗೊತ್ತಿತ್ತು. ಒಮ್ಮೆ ಅವನು ಒಂದು ಆಡು ಕಾಣದೆ ಕಟ್ಟೆಯ ಬಳಿಗೇ ಬಂದನು.

"ಆಯಿ, ಇವತ್ತ ಎಷ್ಟ ಎಣಿಸಿದ್ರಿ?"

"ಮುಂಜಾನೆ ನಲವತ್ತು, ಊಟದ ಹೊತ್ತಿಗೆ ಮೂವತ್ತೊಂಬತ್ತು. ಆ ಬಿಳೇದು ಬೇವಿನ ಗಿಡದ ಕಡೆ ಇಳೀತು. ಆವಾಗ ನೀ ಗಿಡದ ಬುಡಕ್ಕ ಮಲಗಿದ್ದಿ."

"ಮಲಗಿದ್ದೂ ಕಂಡಿತೇನ್ರಿ?"

"ಬಾಯಿ ತೆರೆದಿದ್ದಿ, ಅದೂ ಕಂಡಿತು," ಎಂದಳು ಬಾಳವ್ವ. ಕಟ್ಟೆಯ ಮೇಲಿದ್ದ ಹೆಣ್ಣುಮಕ್ಕಳೆಲ್ಲ ನಕ್ಕರು.

ಆ ಹೆಣ್ಣುಮಕ್ಕಳಲ್ಲಿ ಅನಸೂಯಾ ಎಂಬವಳು ಕೈಚಳಕದಲ್ಲಿ ಎಲ್ಲರಿಗಿಂತ ಮುಂದಿದ್ದಳು. ಹನ್ನೆರಡನೆಯ ವಯಸ್ಸಿನಿಂದ ಬಾಳವ್ವನ ಬಳಿಯಲ್ಲಿಯೇ ಕಲಿತವಳು. ಆದರೆ ಅವಳಿಗೆ ಆತುರ ಹೆಚ್ಚು. ಮೇಲಿಂದ ಮೇಲೆ ದಾರ ಪೋಣಿಸುವ ಬೇಸರಕ್ಕೆ ಚಿಕ್ಕಂದಿನಲ್ಲಿ ಕದ್ದು ಮೂರು ಮೊಳ ದಾರ ಕತ್ತರಿಸಿಕೊಂಡಿದ್ದಳು. ಹತ್ತು ಹೊಲಿಗೆಯೊಳಗೆ ಅದು ತೊಡಕಾಯಿತು. ಬಾಳವ್ವ ಬೈಯಲಿಲ್ಲ. ತೊಡಕನ್ನು ಕತ್ತರಿಸಿ ಅವಳ ಅಂಗೈಯಲ್ಲಿಟ್ಟು, "ಇದನ್ನ ಬಿಡಿಸಿ ತಗೊಂಡು ಬಾ, ಆಮ್ಯಾಲ ಸೂಜಿ ಮುಟ್ಟು," ಎಂದಿದ್ದಳು. ಅದನ್ನು ಬಿಡಿಸಲು ಒಂದು ದಿನವೇ ಹಿಡಿಯಿತು.

ಕಾಲ ಕಳೆಯಿತು. ಅನಸೂಯಾ ಕಾಲೇಜಿನ ಮೆಟ್ಟಿಲು ಹತ್ತಿದಳು, ಕಂಪ್ಯೂಟರ್ ಕಲಿತಳು. ಬಾಳವ್ವನ ಮನೆಯಲ್ಲಿಯೇ ನಡೆಯುತ್ತಿದ್ದ ಕಸೂತಿ ಹೆಣ್ಣುಮಕ್ಕಳ ಸಂಘಕ್ಕೆ ಒಂದು ಕಂಪ್ಯೂಟರ್ ಬಂದಿತು. ಆಗ ಬಾಳವ್ವ ತನ್ನ ಪೆಟ್ಟಿಗೆಯಿಂದ ಹಳೆಯ ಬಟ್ಟೆಯೊಂದನ್ನು ಹೊರತೆಗೆದಳು. ಅವಳ ತಾಯಿ, ಅಜ್ಜಿಯರು ನಮೂನೆಗಾಗಿ ಹೊಲಿದಿಟ್ಟ ಬಟ್ಟೆ ಅದು. ಆನೆ, ನವಿಲು, ತುಳಸಿಕಟ್ಟೆ, ತೊಟ್ಟಿಲು, ಹೀಗೆ ನೂರಕ್ಕೂ ಹೆಚ್ಚು ನಮೂನೆಗಳು ಅದರಲ್ಲಿದ್ದವು. ಮಡಿಕೆಗಳೆಲ್ಲ ಸವೆದು ಬೆರಳು ತೂರುವಂತಾಗಿದ್ದವು.

"ಅನಸೂಯಾ, ಈ ಬಟ್ಟಿ ಇನ್ನ ಬಹಳ ದಿನ ತಾಳಂಗಿಲ್ಲ. ಇದನ್ನ ನಿನ್ನ ಕಂಪ್ಯೂಟರಿನ್ಯಾಗ ಇಳಸು. ಸೂಜಿಯನ್ನೂ ಅದನ್ನೂ ಎರಡೂ ಬಲ್ಲಾಕಿ ನೀ ಒಬ್ಬಾಕಿನ."

ಅನಸೂಯಾ ಸಂತೋಷದಿಂದ ಒಪ್ಪಿಕೊಂಡಳು. ಪರದೆಯ ಮೇಲೆ ಬೆಳಕು ಬಿದ್ದು ಹೊಳೆಯುತ್ತದೆಂದು ಕಂಪ್ಯೂಟರನ್ನು ಒಳಕೋಣೆಗೆ ಒಯ್ದಳು. ಅಲ್ಲಿ ಗೋಡೆಗೆ ಆನಿಸಿಟ್ಟು ಕಿಟಕಿಯನ್ನು ಮುಚ್ಚಿದಳು. ಪರದೆಯ ಮೇಲೆ ಸಣ್ಣ ಸಣ್ಣ ಚೌಕಗಳು. ಒಂದೊಂದು ಚೌಕಕ್ಕೆ ಒಂದೊಂದು ಹೊಲಿಗೆ. ಕೆಲಸ ಸರಸರನೆ ಸಾಗಿತು.

"ಇದ್ರಾಗ ಏನ್ ಸುಖ ಐತಂದ್ರ, ದಾರಾನ ಮುಗಿಯಂಗಿಲ್ಲ ನೋಡ್ರಿ ಆಯಿ," ಎಂದು ಒಂದು ದಿನ ಹಿಗ್ಗಿನಿಂದ ಹೇಳಿದಳು.

ಬಾಳವ್ವ ಕೈಯಲ್ಲಿದ್ದ ದಾರವನ್ನು ಮೊಳ ಹಾಕಿ ಕತ್ತರಿಸಿದಳು. "ಮುಗಿಯದ ದಾರ ಯಾರ ಕೈಯಾಗೂ ತೊಡಕಾಗದ ಉಳಿದಿಲ್ಲವ್ವ," ಎಂದಳು.

ಅನಸೂಯಾ ಆ ಮಾತನ್ನು ಮನಸ್ಸಿಗೆ ಹಾಕಿಕೊಳ್ಳಲಿಲ್ಲ. ದಿನಕ್ಕೆ ಒಂಬತ್ತು ತಾಸು ಪರದೆಯನ್ನೇ ನೋಡತೊಡಗಿದಳು. ಎರಡನೆಯ ತಿಂಗಳಿಗೆ ಕಣ್ಣಿನಲ್ಲಿ ಮರಳು ಬಿದ್ದಂತಾಗತೊಡಗಿತು. ಮಧ್ಯಾಹ್ನವಾದರೆ ಹಣೆ ಸಿಡಿಯುತ್ತಿತ್ತು. ಹೊರಗೆ ಬಂದರೆ ಎದುರುಮನೆಯ ಬಾಗಿಲೂ ಮಂಜು ಕವಿದಂತೆ ಕಾಣುತ್ತಿತ್ತು. ಅವಳು ಮುಖಕ್ಕೆ ನೀರು ಹಾಕಿಕೊಂಡು, ಚಹಾ ಕುಡಿದು, ಮತ್ತೆ ಒಳಗೆ ಹೋಗುತ್ತಿದ್ದಳು. ಯಾರಿಗೂ ಹೇಳಲಿಲ್ಲ.

ಆದರೆ ಬಾಳವ್ವ ಗಮನಿಸಿದ್ದಳು. ಒಂದು ದಿನ ಅನಸೂಯಾ ಹೊರಗೆ ಬಂದಾಗ ಕೇಳಿದಳು:

"ಗುಡ್ಡ ನೋಡು. ಇವತ್ತ ಎಷ್ಟ ಆಡು ಅದಾವ?"

ಅನಸೂಯಾ ಕಣ್ಣು ಕಿರಿದು ಮಾಡಿ ಗುಡ್ಡದ ಕಡೆ ನೋಡಿದಳು. ಬೂದು ಬಣ್ಣ ಕಂಡಿತೇ ಹೊರತು ಮತ್ತೇನೂ ಕಾಣಲಿಲ್ಲ. ಆದರೂ, "ನಲವತ್ತು," ಎಂದಳು.

"ಇವತ್ತ ಕರಿಯಪ್ಪ ಗುಡ್ಡಕ್ಕ ಬಂದೇ ಇಲ್ಲ," ಎಂದಳು ಬಾಳವ್ವ.

ಅನಸೂಯಾ ತಲೆ ತಗ್ಗಿಸಿದಳು. "ಕೆಲಸ ಅರ್ಧಕ್ಕ ಬಂದೈತ್ರಿ ಆಯಿ. ಮುಗದ ಮ್ಯಾಲ ಕಣ್ಣಿಗೆ ಆರಾಮ ಕೊಡ್ತೀನಿ."

"ಉಸಿರನ್ನೂ ಹಂಗ ಕೂಡಿಟ್ಟು ಆಮ್ಯಾಲ ಬಿಡ್ತೀಯೇನು?" ಎಂದು ಬಾಳವ್ವ ಕೇಳಿದಳು. ಅನಸೂಯಾ ಮತ್ತೆ ಒಳಗೆ ಹೋಗಿ ಪರದೆಯ ಮುಂದೆ ಕುಳಿತಳು.

ಅದೇ ವಾರ ಸಂಘಕ್ಕೆ ಒಂದು ದೊಡ್ಡ ಕೆಲಸ ಬಂದಿತು. ಪಕ್ಕದ ಊರಿನ ಒಂದು ಮನೆಯಲ್ಲಿ ಹನ್ನೊಂದು ವರ್ಷಗಳ ಮೇಲೆ ಮಗು ಹುಟ್ಟಿತ್ತು. ಮಗುವನ್ನು ತೊಟ್ಟಿಲಿಗೆ ಹಾಕುವ ದಿನ ಆ ಮನೆಯ ಏಳು ಹೆಂಗಸರು ಒಂದೇ ಬಗೆಯ ಚಂದ್ರಕಾಳಿ ಸೀರೆ ಉಡಬೇಕೆಂದು ಬಯಸಿದ್ದರು. ಸೆರಗಿನ ಉದ್ದಕ್ಕೂ ತೊಟ್ಟಿಲಿನ ಸಾಲು. ಇಪ್ಪತ್ತೆಂಟು ದಿನ ಉಳಿದಿದ್ದವು. ಮುಹೂರ್ತ ನಿಶ್ಚಯವಾಗಿತ್ತು, ಮುಂದೆ ಹಾಕುವಂತಿರಲಿಲ್ಲ.

ಅನಸೂಯಾ ಒಂದೇ ದಿನದಲ್ಲಿ ತೊಟ್ಟಿಲಿನ ನಮೂನೆಯನ್ನು ಪರದೆಯ ಮೇಲೆ ಬರೆದಳು. ಅದನ್ನು ಏಳು ಕಾಗದಗಳ ಮೇಲೆ ಅಚ್ಚು ತೆಗೆದು ಬೇರೆ ಬೇರೆ ಹಳ್ಳಿಗಳ ಏಳು ಹೆಂಗಸರಿಗೆ ಸೀರೆಗಳ ಜೊತೆಗೆ ಕಳುಹಿಸಿದಳು. ಬಾಳವ್ವನಿಗೆ ತೋರಿಸುವಷ್ಟು ಪುರುಸೊತ್ತು ಅವಳಿಗಿರಲಿಲ್ಲ.

ಆರನೆಯ ದಿನ ಮಾದೇವಿ ಎಂಬ ಹೆಂಗಸು ಹಳ್ಳಿಯಿಂದ ಸೀರೆಯನ್ನು ಕಂಕುಳಲ್ಲಿಟ್ಟುಕೊಂಡು ಬಂದಳು. ಅವಳ ಕಣ್ಣು ಕೆಂಪಾಗಿ ನೀರು ಸುರಿಯುತ್ತಿತ್ತು.

"ಆಯಿ, ನನ್ನ ಕೈ ಕೆಟ್ಟೈತೋ, ತಲಿ ಕೆಟ್ಟೈತೋ ತಿಳಿವಲ್ದು. ನಾಕು ಸಲ ಹಾಕೀನಿ, ನಾಕು ಸಲ ಬಿಚ್ಚೀನಿ. ಸೂಜಿ ಹೊರಟಲ್ಲಿಗೆ ಬರವಲ್ದು. ನನ್ನ ಬಿಡಿಸಿ ಬ್ಯಾರೆದಾಕಿಗೆ ಕೊಡ್ರಿ."

ಬಾಳವ್ವ ಸೀರೆಯನ್ನು ಬೆಳಕಿಗೆ ಹಿಡಿದಳು. ಸೂಜಿಯ ತುದಿಯಿಂದ ಎಳೆಗಳನ್ನು ಎಣಿಸಿದಳು. ಹಿಂದುಮುಂದು ತಿರುವಿ ಮತ್ತೆ ಎಣಿಸಿದಳು. ಆಮೇಲೆ ಕಾಗದವನ್ನು ಕೇಳಿ ತೆಗೆದುಕೊಂಡು ಅದರ ಚೌಕಗಳನ್ನು ಎಣಿಸಿದಳು. ತೊಟ್ಟಿಲಿನ ಎಡಗಂಬಕ್ಕೆ ಹದಿನಾಲ್ಕು ಚೌಕ. ಬಲಗಂಬಕ್ಕೆ ಹದಿಮೂರು.

"ನಿನ್ನ ಕೈ ಕೆಟ್ಟಿಲ್ಲವ್ವ ಮಾದೇವಿ. ಕಾಗದ ತಪ್ಪೈತಿ."

ಮಾದೇವಿ ನಂಬಲಿಲ್ಲ. "ಕಂಪ್ಯೂಟರಿನ್ಯಾಗ ಬಂದದ್ದು ತಪ್ಪತೈತೇನ್ರಿ?"

"ಕಂಪ್ಯೂಟರ್ ಹೇಳಿದ್ದನ್ನ ಬರೀತೈತಿ. ಹೇಳಿದ ಕಣ್ಣು ದಣದಿತ್ತು."

ಅನಸೂಯಾ ಬಾಗಿಲಲ್ಲಿ ನಿಂತು ಇದನ್ನು ಕೇಳಿದಳು. ಕೂಡಲೇ ಉಳಿದ ಆರು ಜನರಿಗೂ ಫೋನು ಮಾಡಿದಳು. ಎಲ್ಲರದ್ದೂ ಅದೇ ಕಥೆ. ಒಬ್ಬಳು ಮೂರು ಸಲ ಬಿಚ್ಚಿದ್ದಳು, ಇನ್ನೊಬ್ಬಳು ಐದು ಸಲ. ತಪ್ಪು ತಮ್ಮದೇ ಎಂದು ತಿಳಿದು ಒಬ್ಬರೂ ಬಾಯಿ ಬಿಟ್ಟಿರಲಿಲ್ಲ. ಅಚ್ಚಾಗಿ ಬಂದ ಕಾಗದದ ಮುಂದೆ ತಮ್ಮ ಲೆಕ್ಕವೇ ತಪ್ಪಿರಬೇಕೆಂದು ಅಷ್ಟೂ ಜನ ಕಪ್ಪು ಸೀರೆಯ ಮೇಲೆ ಕಣ್ಣು ಸವೆಸಿದ್ದರು.

ಆರು ಸೀರೆಗಳ ಕೆಲಸ, ತಪ್ಪನ್ನು ತಿದ್ದಿ ಹೇಳಿದ ಕೂಡಲೇ ಮುಂದೆ ಸಾಗಿತು. ಆದರೆ ಮಾದೇವಿಯ ಕಣ್ಣು ಅಂದು ಸೂಜಿಯನ್ನು ನೋಡುವ ಸ್ಥಿತಿಯಲ್ಲಿರಲಿಲ್ಲ.

"ಈ ಸೀರಿ ನಾ ಮಾಡ್ತೀನಿ. ನೀ ಹೋಗಿ ಮಲಕ್ಕೋ ಅಕ್ಕಾ," ಎಂದು ಅನಸೂಯಾ ಸೀರೆಯನ್ನು ತೊಡೆಯ ಮೇಲೆ ಹರವಿಕೊಂಡಳು. ಮೊಳ ದಾರ ಕತ್ತರಿಸಿದಳು. ಸೂಜಿಯನ್ನು ಎತ್ತಿ ಹಿಡಿದಳು.

ದಾರ ಸೂಜಿಯ ಪಕ್ಕದಲ್ಲಿ ಹಾದುಹೋಯಿತು. ತುದಿಯನ್ನು ತುಟಿಗೆ ತಾಗಿಸಿ, ಹೊಸೆದು, ಮತ್ತೆ ಹಿಡಿದಳು. ಮತ್ತೆ ತಪ್ಪಿತು. ಮೂರನೆಯ ಸಲ ಅವಳಿಗೆ ಒಂದು ಸೂಜಿಯ ಜಾಗದಲ್ಲಿ ಎರಡು ಕಂಡವು. ಹನ್ನೆರಡನೆಯ ವಯಸ್ಸಿನಿಂದ ಸೂಜಿ ಹಿಡಿದವಳು ಇಪ್ಪತ್ತಾರನೆಯ ವಯಸ್ಸಿನಲ್ಲಿ ದಾರ ಪೋಣಿಸಲಾರದೆ ಕುಳಿತಳು. ಎದುರಿಗೆ ಎಪ್ಪತ್ತಾರರ ಬಾಳವ್ವ ಇದ್ದಳು. ಬಾಳವ್ವ ತಾನು ಪೋಣಿಸಿಕೊಡಲಿಲ್ಲ. ಸೂಜಿಯನ್ನು ಅವಳ ಕೈಯಿಂದ ತೆಗೆದು ದಿಂಬಿಗೆ ಚುಚ್ಚಿಟ್ಟಳು.

"ನಾಳೆ ಕಣ್ಣಿನ ಡಾಕ್ಟರ್ ಕಡೆ ಹೋಗೂಣು," ಎಂದಳು.

ಕಣ್ಣಿನ ವೈದ್ಯೆ ಬಹಳ ಹೊತ್ತು ಪರೀಕ್ಷೆ ಮಾಡಿದರು. "ಕಣ್ಣಿಗೆ ರೋಗವೇನೂ ಇಲ್ಲ, ದಣಿವು ಮಾತ್ರ ಇದೆ," ಎಂದರು. "ದಿನಕ್ಕೆ ಎಷ್ಟು ತಾಸು ಪರದೆ ನೋಡತೀರಿ?"

"ಒಂಬತ್ತು ತಾಸು ಮೇಡಂ."

"ನಡುವೆ ಏಳೋದಿಲ್ಲವೇ?"

"ಊಟಕ್ಕ ಏಳ್ತೀನ್ರಿ."

"ಊಟ ಮಾಡುವಾಗ ಏನು ನೋಡತೀರಿ?"

ಬಾಳವ್ವನೇ ಉತ್ತರ ಕೊಟ್ಟಳು: "ಆವಾಗ ಮೊಬೈಲ್ ನೋಡ್ತಾಳ್ರಿ. ದೊಡ್ಡ ಪರದೆಯಿಂದ ಸಣ್ಣ ಪರದೆಗೆ ಬಂದ್ರ ಅದು ಆಕಿಗೆ ಆರಾಮ."

ವೈದ್ಯೆ ನಕ್ಕರು. ಆಮೇಲೆ ನಿಧಾನವಾಗಿ ತಿಳಿಸಿ ಹೇಳಿದರು. ಪರದೆಯನ್ನು ನೋಡುವಾಗ ನಾವು ರೆಪ್ಪೆ ಬಡಿಯುವುದನ್ನೇ ಮರೆಯುತ್ತೇವೆ. ಅದರಿಂದ ಕಣ್ಣು ಒಣಗುತ್ತದೆ. ಹತ್ತಿರದ ವಸ್ತುವನ್ನೇ ನೋಡುತ್ತಿದ್ದರೆ ಕಣ್ಣಿನ ಒಳಗಿನ ಸ್ನಾಯು ಬಿಗಿಹಿಡಿದ ಮುಷ್ಟಿಯಂತೆ ಸೋಲುತ್ತದೆ. ಪರದೆ ಒಂದು ತೋಳಿನಷ್ಟು ದೂರವಿರಬೇಕು, ಕಣ್ಣಿಗಿಂತ ತುಸು ಕೆಳಗಿರಬೇಕು. ಕತ್ತಲೆಯ ಕೋಣೆಯಲ್ಲಿ ಕೂರಬಾರದು, ಬೆಳಕು ಪಕ್ಕದಿಂದ ಬರಬೇಕು. ಹೀಗೆ ಹೇಳಿ ಕೆಲವು ದಿನಗಳಿಗೆ ಕಣ್ಣಿನ ಹನಿಯನ್ನೂ ಬರೆದುಕೊಟ್ಟರು.

"ಎಲ್ಲಕ್ಕಿಂತ ಮುಖ್ಯವಾದದ್ದು ಇದು. ಇಪ್ಪತ್ತು ನಿಮಿಷಕ್ಕೊಮ್ಮೆ ತಲೆಯೆತ್ತಿ ಇಪ್ಪತ್ತು ಅಡಿಗಿಂತ ಆಚೆ ಇರುವುದನ್ನು ನೋಡಬೇಕು. ಇಪ್ಪತ್ತು ಸೆಕೆಂಡಾದರೂ ನೋಡಬೇಕು."

ಬಾಳವ್ವ ಕನ್ನಡಕ ತೆಗೆದು ಸೆರಗಿನಿಂದ ಒರೆಸಿಕೊಂಡಳು. "ಇಪ್ಪತ್ತು ನಿಮಿಷಕ್ಕ ನನ್ನ ಒಂದು ಮೊಳ ದಾರ ಮುಗೀತೈತ್ರಿ," ಎಂದಳು. ಕಟ್ಟೆಯ ಕಟ್ಟಳೆಯನ್ನೂ ಕರಿಯಪ್ಪನ ಆಡುಗಳನ್ನೂ ವಿವರಿಸಿದಳು.

"ಹಾಗಾದರೆ ಔಷಧಿ ನಿಮ್ಮ ಮನೆಯಲ್ಲಿಯೇ ಇತ್ತು," ಎಂದರು ವೈದ್ಯೆ.

"ಇತ್ರಿ. ಆದ್ರ ಹಿಂದಿನವರು ಇದು ಕಣ್ಣಿಗೆ ಅಂತ ನನಗ ಹೇಳಿರಲಿಲ್ಲ. ದಾರ ತೊಡಕಾಗಬಾರದು ಅಂತಷ್ಟ ಹೇಳಿದ್ರು. ನಾನೂ ಈಕಿಗೆ ಅಷ್ಟ ಹೇಳಿದೆ. ಅದು ನನ್ನ ತಪ್ಪು."

ಹಿಂದಿರುಗುವ ದಾರಿಯಲ್ಲಿ ಅನಸೂಯಾ ಅತ್ತಳು. ತನ್ನ ಕಣ್ಣಿಗಾಗಿ ಅಲ್ಲ, ಆ ಏಳು ಜನರ ಕಣ್ಣಿಗಾಗಿ ಅತ್ತಳು. ಬಾಳವ್ವ ಅವಳನ್ನು ಸಮಾಧಾನ ಮಾಡಲಿಲ್ಲ, ಬೈಯಲೂ ಇಲ್ಲ.

"ಸೂಜಿ ಹಿಡದಾಕಿ ತಪ್ಪಿದ್ರ ಒಂದು ಸೀರಿ ಕೆಡತೈತಿ. ನಮೂನಿ ಬರಿಯಾಕಿ ತಪ್ಪಿದ್ರ ಏಳು ಮನಿ ಕಣ್ಣು ನೋಯತಾವ. ಹಂಗಾಗಿ ನಿನ್ನ ಕಣ್ಣು ನಿನ್ನದಷ್ಟ ಅಲ್ಲ. ಅದನ್ನ ನೆನಪಿಡು."

ಮೂರು ದಿನ ಅನಸೂಯಾ ಪರದೆಯನ್ನೂ ಮುಟ್ಟಲಿಲ್ಲ, ಸೂಜಿಯನ್ನೂ ಮುಟ್ಟಲಿಲ್ಲ. ಮೊಬೈಲನ್ನು ಬಾಳವ್ವನ ಪೆಟ್ಟಿಗೆಯೊಳಗೆ ಇಟ್ಟಳು. ನಾಲ್ಕನೆಯ ದಿನ ಕಟ್ಟೆಯ ಮೇಲೆ ಕುಳಿತು ಮಾದೇವಿಯ ಸೀರೆಯನ್ನು ಕೈಗೆತ್ತಿಕೊಂಡಳು. ದಾರವು ಎರಡನೆಯ ಸಲಕ್ಕೆ ಸೂಜಿಯೊಳಗೆ ಹೋಯಿತು. ಆದರೆ ದಿನಗಳು ಹದಿನೆಂಟೇ ಉಳಿದಿದ್ದವು. ಅವಳ ಮನಸ್ಸು ಮತ್ತೆ ಆತುರಪಟ್ಟಿತು.

"ಪ್ರತಿ ದಾರಕ್ಕೂ ಆಡು ಎಣಿಸ್ಕೋತ ಕುಂತ್ರ ಸೀರಿ ಮುಗಿತೈತೇನ್ರಿ ಆಯಿ? ಇದೊಂದು ಸೀರಿಗೆ ಬಿಟ್ಟುಬಿಡೂಣು. ಅವರ ಮನಿಯಾಗ ಆರು ಜನ ಉಟ್ಟು ಒಬ್ಬಾಕಿ ಉಡದಂಗ ಆಗಬಾರದು."

"ನಮೂನಿ ಬರಿಯುವಾಗ ನೀ ಆಡು ಎಣಿಸಿದ್ದಿಲ್ಲ. ಮಾದೇವಿ ಸೀರಿ ಮುಗೀತೇನು?" ಎಂದಳು ಬಾಳವ್ವ.

ಅನಸೂಯಾ ಕತ್ತರಿಯನ್ನೂ ದಾರವನ್ನೂ ಹಿಡಿದು ಬಹಳ ಹೊತ್ತು ಕುಳಿತಳು. ಕೊನೆಗೆ ಬೆರಳ ತುದಿಯಿಂದ ಮೊಣಕೈವರೆಗೆ ಅಳೆದು ಕತ್ತರಿಸಿದಳು. ಒಂದೇ ಮೊಳ.

ಮೊದಲ ದಿನ ಗುಡ್ಡದ ಮೇಲೆ ಅವಳಿಗೆ ಬೂದುಬಣ್ಣದ ಚುಕ್ಕೆಗಳು ಕಂಡವು. ಅವು ಕಲ್ಲೋ ಆಡೋ ತಿಳಿಯಲಿಲ್ಲ. ಐದನೆಯ ದಿನ ಕೆಲವು ಚುಕ್ಕೆಗಳು ನಡೆದಾಡಿದವು. ಎಂಟನೆಯ ದಿನ ಬಿಳಿಯ ಆಡು ಬೇರೆಯಾಗಿ ಕಂಡಿತು. ಅಷ್ಟರಲ್ಲಿ ಸೆರಗಿನ ಮೇಲೆ ತೊಟ್ಟಿಲುಗಳು ಒಂದರ ಪಕ್ಕಕ್ಕೆ ಒಂದು ಎದ್ದು ನಿಂತಿದ್ದವು. ಪ್ರತಿ ಸಲವೂ ಸೂಜಿ ಹೊರಟಲ್ಲಿಗೇ ಮರಳಿ ಬಂದಿತು. ಒಂದು ಹೊಲಿಗೆಯನ್ನೂ ಬಿಚ್ಚಬೇಕಾಗಲಿಲ್ಲ. ಬಿಚ್ಚುವ ಕೆಲಸವಿಲ್ಲದಿದ್ದರೆ ಹೊಲಿಯುವ ಕೆಲಸ ಎಷ್ಟು ಬೇಗ ಸಾಗುತ್ತದೆಂಬುದು ಆಗ ಅವಳಿಗೆ ತಿಳಿಯಿತು. ಸೀರೆ ಒಂದು ದಿನ ಮುಂಚಿತವಾಗಿಯೇ ಮುಗಿಯಿತು. ತೊಟ್ಟಿಲಿನ ದಿನ ಏಳು ಹೆಂಗಸರೂ ಉಟ್ಟರು. ಅನಸೂಯಾ ಹೊಲಿದ ಏಳನೆಯ ಸೀರೆ ಮಗುವಿನ ತಾಯಿಯ ಪಾಲಿಗೆ ಬಂದಿತೆಂದು ಮಾದೇವಿ ಬಂದು ಹೇಳಿದಳು. ಅವಳ ಕಣ್ಣೂ ಅಷ್ಟರಲ್ಲಿ ತಿಳಿಯಾಗಿತ್ತು.

ಆದರೆ ಹಳೆಯ ಬಟ್ಟೆಯ ಕೆಲಸ ಇನ್ನೂ ಅರ್ಧ ಉಳಿದಿತ್ತು. ಅನಸೂಯಾ ಕಂಪ್ಯೂಟರನ್ನು ಒಳಕೋಣೆಯಿಂದ ಪಡಸಾಲೆಗೆ ತಂದಳು. ಕಿಟಕಿಯ ಬೆಳಕು ಪಕ್ಕದಿಂದ ಬೀಳುವಂತೆ ಇಟ್ಟಳು. ತಲೆಯೆತ್ತಿದರೆ ಗುಡ್ಡ ಕಾಣುತ್ತಿತ್ತು. ಕುಳಿತ ಮೇಲೆ ಅವಳಿಗೊಂದು ಪ್ರಶ್ನೆ ಬಂದಿತು.

"ಆಯಿ, ಇಲ್ಲಿ ದಾರ ಇಲ್ಲ. ಮುಗೀತು ಅಂತ ಯಾರು ಹೇಳೋರು?"

"ಇಲ್ಲದಿದ್ರ ನೀನ ಇಡು," ಎಂದಳು ಬಾಳವ್ವ. "ಒಂದು ಮೊಳ ದಾರದಾಗ ಎಷ್ಟ ಹೊಲಿಗಿ ಬೀಳತಾವ, ನಿನಗ ಗೊತ್ತೈತಿ. ಅಷ್ಟು ಚೌಕ ತುಂಬಿದ ಮ್ಯಾಲ ದಾರ ಮುಗೀತು ಅಂತ ತಿಳಕೋ."

ಅನಸೂಯಾ ಹಾಗೆಯೇ ಮಾಡಿದಳು. ಒಂದು ಮೊಳದಷ್ಟು ಚೌಕಗಳನ್ನು ತುಂಬಿದ ಕೂಡಲೇ ಅಲ್ಲಿ ಸಣ್ಣದೊಂದು ಕೆಂಪು ಚುಕ್ಕೆಯನ್ನಿಟ್ಟು ಏಳುತ್ತಿದ್ದಳು. ಗುಡ್ಡವನ್ನು ನೋಡಿ, ರೆಪ್ಪೆ ಬಡಿದು, ಎಣಿಸಿ ಬರುತ್ತಿದ್ದಳು. ಹಿಂದೆ ಬರೆದ ನಮೂನೆಗಳನ್ನೂ ಹೀಗೆಯೇ ಕುಳಿತು ಮತ್ತೆ ನೋಡಿದಳು. ಅವುಗಳಲ್ಲಿ ಇನ್ನೂ ಐದು ಕಡೆ ಲೆಕ್ಕ ತಪ್ಪಿತ್ತು. ತಿದ್ದಿದಳು.

ಕೆಂಪು ಚುಕ್ಕೆಗಳನ್ನು ಅವಳು ಅಳಿಸಲಿಲ್ಲ. ಮುಂದೆ ಹಳ್ಳಿಗಳಿಗೆ ಹೋದ ಕಾಗದಗಳ ಮೇಲೂ ಅವು ಉಳಿದವು. ಮಾದೇವಿ ಒಮ್ಮೆ ಕಾಗದ ಹಿಡಿದು ಬಂದು, "ಈ ಕೆಂಪು ಚುಕ್ಕಿಗೆ ಯಾವ ಹೊಲಿಗಿ ಹಾಕಬೇಕವ್ವ?" ಎಂದು ಕೇಳಿದಳು.

"ಅದಕ್ಕ ಹೊಲಿಗಿ ಇಲ್ಲಕ್ಕಾ. ಅಲ್ಲಿ ಬಂದಾಗ ಕೆಳಗ ನೋಡಬ್ಯಾಡ, ದೂರ ನೋಡು."

"ನಮ್ಮೂರಾಗ ಆಡು ಇಲ್ಲಲ್ಲ."

"ಕೊಕ್ಕರೆ ಎಣಿಸು. ಕೆರಿ ಐತಲ್ಲ."

ಒಂದು ದಿನ ಗುರು ಶಿಷ್ಯೆಯರು ಕಟ್ಟೆಯ ಮೇಲೆ ಕುಳಿತಿದ್ದರು. ಇಬ್ಬರ ದಾರವೂ ಒಟ್ಟಿಗೆ ಮುಗಿಯಿತು. ಇಬ್ಬರೂ ತಲೆಯೆತ್ತಿದರು.

"ನಲವತ್ತು," ಎಂದಳು ಬಾಳವ್ವ.

"ನಲವತ್ತೊಂದ್ರಿ ಆಯಿ."

"ನಲವತ್ತು. ಮೂವತ್ತು ವರ್ಷದಿಂದ ಎಣಿಸೀನಿ."

"ಆ ಬಿಳೇದರ ಹೊಟ್ಟಿ ಕೆಳಗ ಒಂದು ಐತ್ರಿ. ಸಣ್ಣದು. ಈಗ ನಿಂತು ಬಿತ್ತು ನೋಡ್ರಿ."

ಬಾಳವ್ವ ಕೈಯನ್ನು ಹಣೆಗೆ ಅಡ್ಡ ಹಿಡಿದು ಬಹಳ ಹೊತ್ತು ನೋಡಿದಳು. ಅವಳಿಗೆ ಕಾಣಲಿಲ್ಲ. ಸಂಜೆ ಕರಿಯಪ್ಪ ಇಳಿದು ಬಂದಾಗ ಅವನ ಕಂಬಳಿಯೊಳಗೆ ಆಗ ತಾನೇ ಹುಟ್ಟಿದ ಮರಿಯೊಂದಿತ್ತು. ಬಾಳವ್ವ ಮರಿಯ ತಲೆಯನ್ನು ಮುಟ್ಟಿ ನೋಡಿದಳು. ಆಮೇಲೆ ಒಳಗೆ ಹೋಗಿ ತನ್ನ ತಾಯಿ, ಅಜ್ಜಿಯರ ಆ ಹಳೆಯ ಬಟ್ಟೆಯನ್ನು ತಂದು ಅನಸೂಯಳ ತೊಡೆಯ ಮೇಲಿಟ್ಟಳು.

"ಇನ್ನ ಇದು ನಿನ್ನ ಪೆಟ್ಟಿಗ್ಯಾಗ ಇರಲಿ," ಎಂದಳು. "ಆಡಿನ ಲೆಕ್ಕಾನೂ ನೀನ ಇಟಗೋ."

ನೀತಿ: ಸೂಜಿಯ ದಾರಕ್ಕೆ ಕೊನೆಯಿದೆ, ಪರದೆಗೆ ಕೊನೆಯಿಲ್ಲ. ಕೊನೆಯಿಲ್ಲದ ಕೆಲಸಕ್ಕೆ ನಾವೇ ಒಂದು ಮೊಳದ ಅಳತೆಯನ್ನು ಇಟ್ಟುಕೊಳ್ಳಬೇಕು. ಆಗಾಗ ತಲೆಯೆತ್ತಿ ದೂರ ನೋಡಿದವರ ಕೆಲಸ ಹಿಂದೆ ಬೀಳುವುದಿಲ್ಲ. ದಣಿದ ಕಣ್ಣಿನಿಂದ ಮಾಡಿದ ಕೆಲಸವನ್ನೇ ಮತ್ತೆ ಬಿಚ್ಚಬೇಕಾಗುತ್ತದೆ. ನಮ್ಮ ಕಣ್ಣನ್ನು ನಂಬಿ ಇನ್ನೂ ಹಲವರು ನಡೆಯುತ್ತಿರುತ್ತಾರೆಂಬುದನ್ನು ಮರೆಯಬಾರದು.

ಇಷ್ಟನ್ನು ಬರೆಯಲು ನನಗೆ ಒಂಬತ್ತು ದಿನ ಹಿಡಿಯಿತು. ತಪ್ಪುಗಳು ಉಳಿದಿದ್ದರೆ ಓದಿದವರು ದಯವಿಟ್ಟು ಮನ್ನಿಸಬೇಕು.